ಮರಳಿನ ಬಣ್ಣದ ಮೊಟ್ಟೆ: ಜನ ಓಡಾಡುವ ಕಡಲತೀರದಲ್ಲಿ ಗೂಡು ಕಾಯುವ ಕೆಲಸ

ಪ್ಲೋವರ್ ಎಂಬ ಕಡಲತೀರದ ಪುಟ್ಟ ಹಕ್ಕಿಯ ಗೂಡಿಗೆ ಕಡ್ಡಿ-ನಾರಿನ ಹಂಗಿಲ್ಲ. ಗಂಡು ಹಕ್ಕಿ ಮರಳಿಗೆ ಎದೆಯೂರಿ, ಕಾಲಿನಿಂದ ಹಿಂದಕ್ಕೆ ಕೆದರಿ ಮಾಡಿದ ಅಂಗೈಯಗಲದ ಗುಳಿ ಅದು. ಆಳ ಎರಡು ಮೂರು ಸೆಂಟಿಮೀಟರ್, ಒಳಗೊಂದಿಷ್ಟು ಕಪ್ಪೆಚಿಪ್ಪಿನ ಚೂರು. ಹೀಗೆ ಹಲವು ಗುಳಿ ಕೆದರಿಟ್ಟು ಕೊನೆಗೆ ಒಂದರಲ್ಲಿ ಮಾತ್ರ ಮೊಟ್ಟೆ. ಕೆಂಟಿಶ್ ಪ್ಲೋವರ್ ಮತ್ತು ಸ್ನೋಯಿ ಪ್ಲೋವರ್‌ಗಳು ಸಾಮಾನ್ಯವಾಗಿ 3 ಮೊಟ್ಟೆ ಇಡುತ್ತವೆ, ಪೈಪಿಂಗ್ ಪ್ಲೋವರ್ 4. ಒಂದು ಮೊಟ್ಟೆಗೂ ಮುಂದಿನದಕ್ಕೂ ಸುಮಾರು ಎರಡು ದಿನದ ಅಂತರ, ಎಲ್ಲ ಇಟ್ಟಾದ ಮೇಲೆ 25ರಿಂದ 28 ದಿನ ಕಾವು. ಅದೇ ದಂಡೆಯಲ್ಲಿ ಗುಂಪಾಗಿ ಮೊಟ್ಟೆಯಿಡುವ ಲಿಟಲ್ ಟರ್ನ್, ಅಂದರೆ ಪುಟ್ಟ ರೀವಗಳಿಗೆ, ಮೂರು ವಾರ ಸಾಕು. ಕಾವಿನ ದಿನಗಳು ಮುಗಿದ ಮೇಲೆ ಮರಿ ಹಾರುವ ತನಕ ಪ್ಲೋವರ್‌ಗೆ ಇನ್ನೂ ನಾಲ್ಕು ವಾರ ಬೇಕು. ಅಷ್ಟೂ ದಿನ ನಾಯಿ, ಕಾಗೆ, ಟ್ರ್ಯಾಕ್ಟರ್, ಉಬ್ಬರ ಎಲ್ಲದರಿಂದ ಕಾಯಬೇಕು. ಈ ಪಟ್ಟಿಗೆ ನಮ್ಮನ್ನೂ ಸೇರಿಸಿಕೊಂಡೇ ನಾವು ಕೆಲಸ ಶುರು ಮಾಡುವುದು. ಗೂಡಿನ ತೀರ ಹತ್ತಿರ ಹೋಗುವ ಮನುಷ್ಯ ಬಹಳ ಸಲ ಅದನ್ನು ಕಾಯುವವನೇ ಆಗಿರುತ್ತಾನೆ. ಅವನ ಹೆಜ್ಜೆಯ ಜಾಡನ್ನು ಕಾಗೆ ಚೆನ್ನಾಗಿ ಓದುತ್ತದೆ.

ಹಗ್ಗ ಕಟ್ಟುವುದಕ್ಕೂ ಮೊಟ್ಟೆ ಮುಟ್ಟುವುದಕ್ಕೂ ವನ್ಯಜೀವಿ ಅಧಿಕಾರಿಗಳ ಮತ್ತು ದಂಡೆಯ ಉಸ್ತುವಾರಿ ಹೊತ್ತವರ ಲಿಖಿತ ಅನುಮತಿ ಬೇಕು. ಹಕ್ಕಿ ಬಂದ ಮೇಲೆ ಅರ್ಜಿ ಹಾಕಿದರೆ ಉತ್ತರ ಬರುವಷ್ಟರಲ್ಲಿ ಮರಿ ಹಾರಿಹೋಗಿರುತ್ತದೆ. ಎರಡು ಮೂರು ತಿಂಗಳು ಮುಂಚೆಯೇ ಕೊಟ್ಟಿಡಿ.

ಗೂಡನ್ನು ನಡೆದು ಹುಡುಕಬಾರದು, ಕೂತು ಹುಡುಕಬೇಕು. ಮರಳಿನ ಮೇಲೆ ನೀವು ಬರುವುದು ಕಂಡ ಕೂಡಲೇ ಹಕ್ಕಿ ಸದ್ದಿಲ್ಲದೆ ಎದ್ದು, ತಲೆ ತಗ್ಗಿಸಿ ಓಡಿ, ದೂರದಲ್ಲಿ ಏನೂ ಆಗದವರಂತೆ ಹುಳ ಹೆಕ್ಕುತ್ತ ನಿಲ್ಲುತ್ತದೆ. ನಾವು ಬೆಳಗಿನ ಎಳೆ ಬಿಸಿಲಲ್ಲಿ 80–100 ಮೀಟರ್ ದೂರದಲ್ಲಿ ಟ್ರೈಪಾಡ್ ಮೇಲೆ ಸ್ಪಾಟಿಂಗ್ ಸ್ಕೋಪ್ (ಹಕ್ಕಿ ನೋಡುವ ಒಂಟಿ ಕೊಳವೆಯ ದೂರದರ್ಶಕ) ಇಟ್ಟು, ನೆಲಕ್ಕೆ ಕೂತು 20 ನಿಮಿಷ ಅಲುಗಾಡದೆ ಕಾಯುತ್ತೇವೆ. ಹಕ್ಕಿ ಓಡಿ, ನಿಂತು, ಮತ್ತೆ ಓಡಿ, ಒಂದೆಡೆ ಕಾಲು ಮಡಿಸಿ ಹೊಟ್ಟೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಕೂತರೆ ಅದರ ಕೆಳಗೆ ಮೊಟ್ಟೆ ಇರಬೇಕು. ಬರಿದೇ ಕೂತು ಮೋಸ ಮಾಡುವುದೂ ಉಂಟು. ಹಾಗಾಗಿ ಹತ್ತು ನಿಮಿಷವಾದರೂ ಅಲ್ಲೇ ಕೂತಿದ್ದರೆ ಮಾತ್ರ ಗೂಡೆಂದು ಬರೆದುಕೊಳ್ಳುತ್ತೇವೆ. ರೆಕ್ಕೆ ಮುರಿದಂತೆ ಎಳೆದುಕೊಂಡು ಓಡುವ ನಾಟಕ ಜೋರಾದಷ್ಟೂ ಮೊಟ್ಟೆ ಒಡೆಯುವ ಹೊತ್ತು ಹತ್ತಿರವಾಗಿದೆ, ಇಲ್ಲವೇ ಕಾಲ ಬಳಿಯಲ್ಲೇ ಎಲ್ಲೋ ಮರಿಯಿದೆ ಎಂದರ್ಥ. ಆಗ ಹಕ್ಕಿಯ ಹಿಂದೆ ಹೋಗದೆ, ಬಂದ ಹೆಜ್ಜೆಯ ಮೇಲೇ ಹಿಂದಿರುಗಬೇಕು. ರೀವಗಳ ವಿಷಯದಲ್ಲಿ ಹುಡುಕಾಟವೇ ಇಲ್ಲ. ಅವೇ ಎದ್ದು ಬಂದು ನೆತ್ತಿಯ ಮೇಲೆ ಎರಗುತ್ತವೆ. ಹಿಂದೆ ಸರಿದು, ಐದು ನಿಮಿಷದಲ್ಲಿ ಅವು ಇಳಿದು ಕೂತವೋ ಇಲ್ಲವೋ ನೋಡಿ. ಕೂರದಿದ್ದರೆ ಇನ್ನೂ ಹಿಂದಕ್ಕೆ.

ಜಾಗವನ್ನು ಗುರುತಿಡುವುದು ಹೇಗೆ? ಮೊಬೈಲ್ ಜಿಪಿಎಸ್‌ನಲ್ಲಿ 3ರಿಂದ 5 ಮೀಟರ್ ಹೆಚ್ಚುಕಮ್ಮಿ ಇರುತ್ತದೆ. ಅಷ್ಟು ದೂರದಲ್ಲಿ ಮರಳಿನ ಬಣ್ಣದ ಮೊಟ್ಟೆ ಕಾಣುವುದೂ ಇಲ್ಲ, ಅದನ್ನು ತುಳಿಯದಿರುವ ಭರವಸೆಯೂ ಇಲ್ಲ. ಗೂಡಿನ ಪಕ್ಕ ಕಡ್ಡಿ ನೆಟ್ಟರೆ ನಾಲ್ಕು ದಿನದಲ್ಲಿ ಕಾಗೆಗೂ ಕಡ್ಡಿಯ ಅರ್ಥ ತಿಳಿಯುತ್ತದೆ. ನಾವು ಸ್ಕೋಪ್ ಇಟ್ಟ ಜಾಗದಿಂದ ಒಂದು ಫೋಟೋ ತೆಗೆದು, ಗೂಡಿನ ನೇರಕ್ಕೆ ಹಿಂದೆ ಕಾಣುವ ಕಲ್ಲು, ಪೊದೆ ಅಥವಾ ದೀಪದ ಕಂಬವನ್ನು ಬರೆದಿಟ್ಟುಕೊಳ್ಳುತ್ತೇವೆ. ಬೇರೊಂದು ಕೋನದಿಂದ ಇನ್ನೊಂದು ಫೋಟೋ. ಎರಡು ನೇರಗಳು ಕೂಡುವಲ್ಲಿ ಗೂಡು.

ಎರಡು ಮೂರು ದಿನಕ್ಕೊಮ್ಮೆ ನೋಡುವುದು ದೂರದಿಂದಲೇ. ಹತ್ತಿರ ಹೋಗುವುದು ಇಡೀ ಕಾವಿನ ಅವಧಿಯಲ್ಲಿ ಎರಡು ಅಥವಾ ಮೂರು ಸಲ. ಗೂಡಿನ ತನಕ ಹೋಗಿ ನಿಂತು ತಿರುಗಿದರೆ ಹೆಜ್ಜೆಸಾಲು ಅಲ್ಲೇ ಮುಗಿದು ನೇರ ಗೂಡನ್ನೇ ತೋರಿಸುತ್ತದೆ. ಅದಕ್ಕೇ ಪಕ್ಕದಿಂದ ಹಾದು, ನಿಲ್ಲದೆ ಕಣ್ಣಲ್ಲೇ ಎಣಿಸಿ, ಮುಂದೆ ನೂರಿನ್ನೂರು ಮೀಟರ್ ನಡೆದು ಹೊರಬೀಳುತ್ತೇವೆ. ಕಾಗೆ ಕಣ್ಣಿಗೆ ಬಿದ್ದರೆ ಆ ದಿನದ ಭೇಟಿ ರದ್ದು. ಸುಡುಬಿಸಿಲಿನಲ್ಲೂ ಬೇಡ. ಆ ಹೊತ್ತಿನಲ್ಲಿ ಹಕ್ಕಿ ಕೂರುವುದು ಕಾವಿಗಲ್ಲ, ಮೊಟ್ಟೆಗೆ ನೆರಳಾಗಲು. ಅದನ್ನು ಎಬ್ಬಿಸಿದರೆ ಕಾದ ಮರಳಿನ ಮೇಲೆ ಮೊಟ್ಟೆ ಬೇಯುತ್ತದೆ.

ಮೊಟ್ಟೆ ಎಷ್ಟು ದಿನದ್ದೆಂದು ತಿಳಿಯಲು ತೇಲಿಸಿ ನೋಡುವ ಕ್ರಮವಿದೆ. ಪಾರದರ್ಶಕ ಲೋಟದಲ್ಲಿ ಉಗುರುಬೆಚ್ಚಗಿನ ಸಿಹಿನೀರು, ಅದರೊಳಗೆ ಒಂದು ಮೊಟ್ಟೆ. ಹೊಸದಾದರೆ ತಳದಲ್ಲಿ ಅಡ್ಡ ಮಲಗುತ್ತದೆ. ಕೆಲವು ದಿನದ್ದಾದರೆ ದಪ್ಪ ತುದಿ ಮೆಲ್ಲಗೆ ಮೇಲೇಳುತ್ತದೆ. ಇನ್ನೂ ಹಳತಾದರೆ ತಳ ಮುಟ್ಟಿಕೊಂಡೇ ನೆಟ್ಟಗೆ ನಿಲ್ಲುತ್ತದೆ. ಕಾವಿನ ದ್ವಿತೀಯಾರ್ಧದಲ್ಲಿ ತೇಲಿ, ನೀರಿನ ಮೇಲೆ ನಾಣ್ಯದಂಥ ಒಂದು ಬಿಲ್ಲೆ ಒಣಗಿ ಕಾಣುತ್ತದೆ. ಒಳಗೆ ಗಾಳಿಯ ಕೋಣೆ ದಿನೇ ದಿನೇ ದೊಡ್ಡದಾಗುವುದೇ ಕಾರಣ. ಹತ್ತು ಸೆಕೆಂಡ್ ಸಾಕು, ಒರೆಸಿ ಇಟ್ಟುಬಿಡಬೇಕು. ಬಿರುಕು ಬಿಟ್ಟ ಮೊಟ್ಟೆಯನ್ನು ನೀರಿಗೆ ಇಳಿಸಲೇಬಾರದು. ಈ ಒಂದು ಪರೀಕ್ಷೆಯಿಂದ ಮರಿಯಾಗುವ ವಾರ ತಿಳಿದರೆ, ಕಾವಲಿನವರನ್ನು ಯಾವಾಗ ಕರೆಸಬೇಕೆಂಬುದೂ ತಿಳಿಯುತ್ತದೆ.

ಇನ್ನು ಹಗ್ಗದ ಬೇಲಿ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಪೈಪಿಂಗ್ ಪ್ಲೋವರ್ ಗೂಡಿಗೆ 50 ಮೀಟರ್ ತ್ರಿಜ್ಯ ಬಿಡುವ ರೂಢಿಯಿದೆ. ನಾವೂ ಅಲ್ಲಿಂದಲೇ ಶುರು ಮಾಡುತ್ತೇವೆ. ಸುತ್ತಳತೆ 314 ಮೀಟರ್. 6 ಮೀಟರಿಗೊಂದರಂತೆ 52 ಗೂಟ, ಮುರಿದರೆ ಇರಲೆಂದು ಇನ್ನೂ ನಾಲ್ಕು. ಗೂಟದ ಉದ್ದ ಒಂದೂವರೆ ಮೀಟರ್, ಮರಳಿನೊಳಗೆ 45 ಸೆಂಟಿಮೀಟರ್. 6 ಮಿಲಿಮೀಟರ್ ದಪ್ಪದ ಹಗ್ಗ 350 ಮೀಟರ್ ಬೇಕು, ಏಕೆಂದರೆ ಪ್ರತಿ ಗಂಟಿಗೂ ಒಂದು ಗೇಣಿಗಿಂತ ಹೆಚ್ಚು ಹೋಗುತ್ತದೆ. ಪ್ರತಿ ಗೂಟಕ್ಕೂ ಬೇರೆ ಗಂಟು ಹಾಕಿ. ಇಲ್ಲದಿದ್ದರೆ ಒಂದು ಕಡೆ ಕಡಿದರೂ ಇಡೀ ಬೇಲಿ ಮಲಗುತ್ತದೆ. ಹಗ್ಗ ನೆಲದಿಂದ 70 ಸೆಂಟಿಮೀಟರ್ ಮೇಲಿದ್ದರೆ ಮರಿ ಕೆಳಗಿನಿಂದ ನುಸುಳಬಹುದು. ಬಲೆ ಮಾತ್ರ ಬೇಡ, ಮರಿಯ ಕಾಲು ಸಿಕ್ಕಿಕೊಳ್ಳುತ್ತದೆ. ಗೂಡು ವೃತ್ತದ ನಟ್ಟನಡುವೆ ಬರದಂತೆ ಬೇಲಿಯನ್ನು ಒಂದು ಕಡೆಗೆ ತುಸು ಹಿಗ್ಗಿಸುತ್ತೇವೆ, ಕುತೂಹಲದವರು ಲೆಕ್ಕ ಹಾಕಿ ನಡುವಿಗೇ ಹೋಗದಿರಲಿ ಎಂದು. ಗೂಟದ ತುದಿ ಚಪ್ಪಟೆಯಾಗಿದ್ದರೆ ಕಾಗೆಗೆ ಕೂರಲು ಪೀಠ ಹಾಕಿಕೊಟ್ಟಂತೆ. ಓರೆಯಾಗಿ ಚೂಪು ಮಾಡಬೇಕು. ಸಮುದ್ರದ ಕಡೆಯ ಸಾಲು ಹುಣ್ಣಿಮೆ-ಅಮಾವಾಸ್ಯೆಯ ಉಬ್ಬರದ ಗೆರೆಯಿಂದ ಮೇಲಿರಲಿ, ಕೆಳಗೆ ಹಸಿ ಮರಳಿನಲ್ಲಿ ಜನರಿಗೆ ದಾರಿ ಉಳಿಯಲಿ. ದಾರಿ ಕೊಡದ ಬೇಲಿಯನ್ನು ಜನ ಎರಡೇ ದಿನದಲ್ಲಿ ಕಿತ್ತು ಹಾಕುತ್ತಾರೆ. ಅವರದು ತಪ್ಪು ಎನ್ನಲು ನನಗೆ ಮನಸ್ಸಿಲ್ಲ.

ಹೋದ ವರ್ಷ ಗೂಡಿದ್ದ ಜಾಗ ಗೊತ್ತಿದ್ದರೆ ಹಕ್ಕಿ ಬರುವ ಮೊದಲೇ ಹಗ್ಗ ಕಟ್ಟುವುದು ಮೇಲು. ಕ್ಯಾಲಿಫೋರ್ನಿಯಾದ ಕೋಲ್ ಆಯಿಲ್ ಪಾಯಿಂಟ್‌ನಲ್ಲಿ ಹಗ್ಗ ಕಟ್ಟಿ ಸ್ವಯಂಸೇವಕರನ್ನು ನಿಲ್ಲಿಸಿದ ಮೇಲೆ, ದಶಕಗಳಿಂದ ಅಲ್ಲಿ ಗೂಡು ಮಾಡದಿದ್ದ ಸ್ನೋಯಿ ಪ್ಲೋವರ್‌ಗಳು 2001ರಲ್ಲಿ ಮತ್ತೆ ಮರಿ ಮಾಡಿದವು.

ಫಲಕದಲ್ಲಿ 'ಪ್ರವೇಶ ನಿಷೇಧ' ಎಂದಷ್ಟೇ ಬರೆದರೆ ಯಾರೂ ಓದುವುದಿಲ್ಲ. ಮೊಟ್ಟೆಯ ನಿಜಗಾತ್ರದ ಚಿತ್ರ, ಕೆಳಗೆ 'ಇಲ್ಲಿ ಮೊಟ್ಟೆ ಮರಳಿನ ಬಣ್ಣದ್ದು. ಹಸಿ ಮರಳಿನಲ್ಲಿ ನಡೆಯಿರಿ, ನಾಯಿಗೆ ಹಗ್ಗ ಹಾಕಿ' ಎಂಬಷ್ಟು ಮಾತು. ಫಲಕಕ್ಕಿಂತ ಸ್ಕೋಪ್ ಹೆಚ್ಚು ಕೆಲಸ ಮಾಡುತ್ತದೆ. ಬೇಲಿಯ ಹೊರಗೆ ಅದನ್ನಿಟ್ಟು, ಬಂದವರಿಗೆ ಕೂತ ಹಕ್ಕಿಯನ್ನು ತೋರಿಸಿದರೆ ಅವರೇ ಉಳಿದವರನ್ನು ತಡೆಯುತ್ತಾರೆ. ಗಾಳಿಪಟ ಹಾರಿಸುವವರನ್ನೂ ತಡೆಯಲು ಮರೆಯಬೇಡಿ. ಹಕ್ಕಿಯ ಕಣ್ಣಿಗೆ ಅದು ಗಿಡುಗ.

ಗೂಡಿನ ಮೇಲೆ ತಂತಿ ಪಂಜರ ಹಾಕುವ ಕ್ರಮವನ್ನು ನಾವು ಕೊನೆಯ ಉಪಾಯವೆಂದೇ ಎಣಿಸುತ್ತೇವೆ. 5×10 ಸೆಂಟಿಮೀಟರ್ ಕಣ್ಣಿನ ಬೆಸುಗೆ ಜಾಲರಿ, ಕಣ್ಣಿನ ಉದ್ದ ಮೇಲ್ಮುಖವಾಗಿ. 3 ಮೀಟರ್ ವ್ಯಾಸಕ್ಕೆ 10 ಮೀಟರ್ ಜಾಲರಿ, 20 ಸೆಂಟಿಮೀಟರ್ ಮರಳಿನೊಳಗೆ, ಮೇಲೆ ಬಿಗಿದ ಬಲೆ. ಮೊಟ್ಟೆಗಳೆಲ್ಲ ಇಟ್ಟಾಗುವ ಮೊದಲು ಹಾಕಿದರೆ ಹಕ್ಕಿ ಗೂಡು ಬಿಟ್ಟು ಹೋಗುತ್ತದೆ. ನಾಲ್ಕು ಜನ ಬೇರೆ ಕಡೆ ಅಭ್ಯಾಸ ಮಾಡಿ, ಗೂಡಿನ ಬಳಿ 20 ನಿಮಿಷದೊಳಗೆ ಮುಗಿಸಬೇಕು. ಒಂದು ಗಂಟೆಯಲ್ಲಿ ಹಕ್ಕಿ ಒಳಹೋಗಿ ಕೂರದಿದ್ದರೆ ಪಂಜರ ವಾಪಸ್. ಪ್ಲೋವರ್ ಜಾಲರಿಯ ಕಣ್ಣಿನ ಸಂದಿಯಲ್ಲಿ ನಡೆದೇ ಹೋಗುತ್ತದೆ, ಹಾರಿ ಇಳಿಯುವ ರೀವಕ್ಕೆ ಇದು ಆಗದು. ತೊಂದರೆ ಏನೆಂದರೆ, ಪಂಜರದ ಹೊರಗೆ ನರಿಯೋ ಗಿಡುಗವೋ ಕಾದು ಕೂರಲು ಕಲಿಯುತ್ತದೆ. ಮೊಟ್ಟೆ ಉಳಿಯುತ್ತದೆ, ಹೊರಬಂದ ಹಕ್ಕಿ ಸಾಯುತ್ತದೆ. ಬದುಕಿದ್ದರೆ ಅದು ಇನ್ನೂ ಹಲವು ವರ್ಷ ಮೊಟ್ಟೆಯಿಡುತ್ತಿತ್ತು. ಒಂದು ಪಂಜರದ ಬಳಿ ಹೀಗಾದರೂ ಆ ದಂಡೆಯ ಎಲ್ಲ ಪಂಜರ ತೆಗೆಯುತ್ತೇವೆ.

ಗೂಡು ಖಾಲಿಯಾದ ದಿನ ಮರಳನ್ನು ಓದಬೇಕು, ಗಾಳಿ ಬೀಸುವ ಮೊದಲು. ಗುಳಿಯ ಮರಳನ್ನು ಬೆರಳಲ್ಲಿ ಜಾಲಾಡಿ. ಒಂದೆರಡು ಮಿಲಿಮೀಟರಿನ ಸಣ್ಣ ಮೊಟ್ಟೆಚಿಪ್ಪಿನ ಚೂರು ಸಿಕ್ಕರೆ, ಮರಿಯಾಗಬೇಕಿದ್ದ ದಿನವೂ ಸರಿಹೊಂದಿದರೆ, ಮರಿಯಾಗಿದೆ. ದೊಡ್ಡ ಹೋಳುಗಳನ್ನು ತಾಯ್ತಂದೆ ದೂರ ಒಯ್ದು ಎಸೆಯುತ್ತವೆ. ಹಳದಿ ಅಂಟಿದ ಮರಳಾದರೆ ಯಾವುದೋ ಪ್ರಾಣಿಯ ಕೆಲಸ. ಉಗುರಿನ ಗುರುತಿದ್ದರೆ ನಾಯಿ ಅಥವಾ ನರಿ, ಉಗುರಿಲ್ಲದ ದುಂಡು ಹೆಜ್ಜೆ ಬೆಕ್ಕಿನದು, ಉದ್ದದ ಹಿಂಬೆರಳು ಮೂಡಿದ್ದರೆ ಕಾಗೆ. ಪ್ಲೋವರ್ ಹೆಜ್ಜೆಯಲ್ಲಿ ಮೂರೇ ಬೆರಳು. ಗುಳಿಯೇ ಮಾಯವಾಗಿ ಮರಳು ನಯವಾಗಿದ್ದರೆ ಉಬ್ಬರ.

ಮರಿಯಾದ ಮೇಲೆ ಕಾವಲು ಸಡಿಲಿಸುವುದು ಸಾಮಾನ್ಯ ತಪ್ಪು. ಪ್ಲೋವರ್ ಮರಿ ಮೈ ಒಣಗಿದ ಕೆಲವೇ ಗಂಟೆಗಳಲ್ಲಿ ಬೇಲಿ ದಾಟಿ, ಅಲೆ ತಂದು ಬಿಟ್ಟ ಪಾಚಿ-ಕಸದ ಸಾಲಿಗೆ ಹೋಗಿ ತಾನೇ ಹುಳ ಹೆಕ್ಕುತ್ತದೆ. ಆ ಸಾಲನ್ನು ಯಂತ್ರದಿಂದ ಬಾಚಿದರೆ ಊಟವೂ ಹೋಯಿತು, ಮರಿಯೂ ಹೋಯಿತು. ಈ ದಿನಗಳಲ್ಲಿ ಪ್ಲಾಸ್ಟಿಕ್ಕನ್ನು ಕೈಯಿಂದಲೇ ಹೆಕ್ಕಬೇಕು. ವಾಹನದ ಗಾಲಿ ಕೊರೆದ ಗೆರೆಯೊಳಗೆ ಇಳಿದ ಮರಿ ಹತ್ತಲಾರದೆ ಅದರುದ್ದಕ್ಕೂ ಓಡುತ್ತದೆ, ಅಪಾಯ ಕಂಡರೆ ಅಲ್ಲೇ ಅಡಗಿ ಕೂರುತ್ತದೆ. ಚಾಲಕನಿಗೆ ಕಾಣುವುದಿಲ್ಲ. ಆದ್ದರಿಂದ ಕಾವಲಿನವರು ಗೂಡಿನ ಬಳಿ ಅಲ್ಲ, ಮರಿಯ ಜೊತೆ ಜೊತೆಗೇ ಸರಿಯುತ್ತಿರಬೇಕು.

ಲೆಕ್ಕದ ವಿಷಯ. 10 ಗೂಡು ಕಂಡೆವು, 6ರಲ್ಲಿ ಮರಿಯಾಯಿತು, ಶೇ. 60 ಎಂದು ಬರೆಯುವುದು ಮೋಸದ ಲೆಕ್ಕ. ನಾವು ಕಾಣುವ ಮೊದಲೇ ಹಾಳಾದ ಗೂಡುಗಳು ಅದರಲ್ಲಿಲ್ಲ. ಅಮೆರಿಕದ ಪಕ್ಷಿತಜ್ಞ ಹ್ಯಾರಲ್ಡ್ ಮೇಫೀಲ್ಡ್ 1961ರಲ್ಲಿ ತೋರಿಸಿಕೊಟ್ಟಂತೆ ಗೂಡು-ದಿನಗಳನ್ನು, ಅಂದರೆ ಒಂದೊಂದು ಗೂಡನ್ನೂ ನೋಡಿದ ದಿನಗಳನ್ನು ಕೂಡಿಸಿ, ಎಣಿಸಬೇಕು. ಆ 10 ಗೂಡುಗಳನ್ನು ಒಟ್ಟು 140 ದಿನ ನೋಡಿ 4 ಕಳೆದುಕೊಂಡಿದ್ದರೆ ದಿನದ ನಷ್ಟ 140ಕ್ಕೆ 4, ದಿನದ ಉಳಿವು 0.971. ಕಾವಿನ 28 ದಿನಕ್ಕೆ 28 ಸಲ 0.971 ಬರೆದು ಒಂದಕ್ಕೊಂದು ಗುಣಿಸಿದರೆ ಬರುವುದು ಶೇ. 44 ಮಾತ್ರ.

ಕೊನೆಯ ಮರಿ ಹಾರಿದ ಮೇಲೆ ಒಂದು ವಾರ ಬಿಟ್ಟು ಬೇಲಿ ಬಿಚ್ಚುತ್ತೇವೆ. ಹಗ್ಗದ ತುಂಡೂ ಉಳಿಯಬಾರದು. ಗೂಟ ಕಿತ್ತ ಕುಳಿಗಳನ್ನು ಮುಚ್ಚಿ, ಗೂಟಗಳನ್ನು ಎಣಿಸಿ ಕಟ್ಟು ಕಟ್ಟಬೇಕು. 56 ಹೋಗಿದ್ದರೆ 56 ವಾಪಸ್ ಬರಬೇಕು, ಮುರಿದವೂ ಸೇರಿ.