ಲೇ ಅನ್ನುವ ಮೊದಲು ರಿ ಕಲಿಯಿರಿ

ಬೆಳಗಾವಿಯ ಟಿಳಕವಾಡಿಯಲ್ಲಿ ಸಂಜೆ ಹೊತ್ತು ನಾನು ಹೊರಗಿನಿಂದ ಬಂದವರಿಗೆ ಮಾತಾಡುವ ಕನ್ನಡ ಕಲಿಸುತ್ತೇನೆ. ಇದು ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವ ಊರು. ಎಂಜಿನಿಯರಿಂಗ್ ಓದಲು ಬಂದ ಹುಡುಗರು, ವರ್ಗವಾಗಿ ಬಂದ ಬ್ಯಾಂಕಿನವರು ಕ್ಲಾಸಿಗೆ ಬರುತ್ತಾರೆ. ಪುಸ್ತಕದ ಕನ್ನಡ ಅವರಿಗೆ ಸ್ವಲ್ಪ ಗೊತ್ತಿರುತ್ತದೆ. ದೋಸ್ತರು ಯಾಕೆ ನಕ್ಕರು ಅನ್ನುವುದು ಗೊತ್ತಾಗುವುದಿಲ್ಲ.

ನಾನು ಪದಗಳ ಪಟ್ಟಿ ಕೊಡುವುದಿಲ್ಲ, 'ಹೊಡಿ'ಯಿಂದ ಶುರು ಮಾಡುತ್ತೇನೆ. ಬೋರ್ ಹೊಡೀತು, ಕ್ಲಾಸ್ ಬಂಕ್ ಹೊಡದ್ವಿ, ಸೆಲ್ಫಿ ಹೊಡಿ, ಚಾ ಹೊಡ್ಯೂಣ ಬಾ. ಬಿಲ್ಡಪ್ ಮಾತ್ರ ಹೊಡೆಯುವ ಹಾಗಿಲ್ಲ, ಕೊಡಬೇಕು. ಸೀನ್ ಆದರೆ ಮಾಡಬೇಕು. ಇದು ಕಿವಿಗೆ ಒಗ್ಗಿದರೆ ಮೊನ್ನೆ ಇನ್‌ಸ್ಟಾಗ್ರಾಂನಲ್ಲಿ ಕೇಳಿದ ಪದವೂ ಸಲೀಸಾಗಿ ಬರುತ್ತದೆ. "ಭಾಳ ಕ್ರಿಂಜ್ ಆತು" ಅನ್ನಲು ಯಾರೂ ಕಲಿಸಬೇಕಿಲ್ಲ.

ಜಾಸ್ತಿ ಹೊತ್ತು ಹಿಡಿಯುವುದು ಲೇ ಮತ್ತು ರಿ. ದೋಸ್ತನಿಗೆ "ಮಸ್ತ್ ಐತಿ ಲೇ". ಖಾನಾವಳಿಯಲ್ಲಿ ರೊಟ್ಟಿ ಬಡಿಸುವವರಿಗೆ "ಮಸ್ತ್ ಐತ್ರಿ ಅಕ್ಕಾರ". ಪದ ಅದೇ, ಬಾಲ ಬೇರೆ. ಬೆಂಗಳೂರಿನಲ್ಲಿ ಇದ್ದು ಬಂದವರು ಆಟೋದವರಿಗೂ ಮಚ್ಚಾ, ಗುರು ಅಂದುಬಿಡುತ್ತಾರೆ. ಇಲ್ಲಿ ಕಾಕಾ ಅಥವಾ ಅಣ್ಣಾರ ಅನ್ನಿ ಅಂತೀನಿ. ಎದುರಿನವರು ತಾವಾಗಿ ನಿಮಗೆ ಲೇ ಅನ್ನುವ ತನಕ ನೀವು ಅನ್ನಬೇಡಿ, ಇದು ನನ್ನ ಕಟ್ಟಪ್ಪಣೆ. ಬೈಗುಳಗಳ ಅರ್ಥ ಹೇಳುತ್ತೇನೆ, ಬಾಯಲ್ಲಿ ಹೇಳಿಸುವುದಿಲ್ಲ. ಅದನ್ನು ಹಾಸ್ಟೆಲ್ಲಿನಲ್ಲಿ ಪುಕ್ಕಟೆ ಕಲಿಸುತ್ತಾರೆ!

ಹೋಮ್‌ವರ್ಕ್ ಅಂದರೆ ಖಡೇ ಬಜಾರಿನಲ್ಲೋ ಚಾ ಅಂಗಡಿಯಲ್ಲೋ ಸುಮ್ನೆ ನಿಂತು ಕೇಳಿದ್ದನ್ನು ಬರೆದು ತರುವುದು. ಯಾರು ಅಂದರು, ಯಾರಿಗೆ ಅಂದರು, ನಗುತ್ತಾ ಅಂದರೋ ಸಿಟ್ಟಿನಲ್ಲೋ, ಇಷ್ಟೂ ಬೇಕು. ಭಾರಿ, ಏಕ್ ನಂಬರ್ ಎಲ್ಲರ ವಹಿಯಲ್ಲೂ ಇರುತ್ತವೆ. ಇಲ್ಲಿ ಮರಾಠಿಯವರೂ ಕನ್ನಡದವರೂ ಅವನ್ನು ಆಡುತ್ತಾರೆ, ಹಾಗಾಗಿ ಬೇಗ ಉಪಯೋಗಕ್ಕೆ ಬರುತ್ತವೆ.

ಕಷ್ಟದ್ದು "ಹೌದ್ ಹುಲಿಯಾ". 2019ರಲ್ಲಿ ನಮ್ಮ ಜಿಲ್ಲೆಯ ಕಾಗವಾಡ ಉಪಚುನಾವಣೆ ಹೊತ್ತಿನಲ್ಲಿ ಸಿದ್ದರಾಮಯ್ಯನವರ ಭಾಷಣದ ನಡುವೆ ಜನರೊಳಗಿಂದ ಒಬ್ಬರು ಕೂಗಿದ್ದು ರಾಜ್ಯದ ತುಂಬ ಹಬ್ಬಿತು. ಅಲ್ಲಿ ಅದು ಮನಸಾರೆ ಕೊಟ್ಟ ಶಹಬ್ಬಾಸ್‌ಗಿರಿ. ದೋಸ್ತ ಸಿಕ್ಕಾಪಟ್ಟೆ ಕೊಚ್ಚಿಕೊಳ್ಳುವಾಗ ಅಂದರೆ ಕಾಲೆಳೆಯುವ ಮಾತು. ಹೊಗಳಿಕೆ ಅಂತ ಅರ್ಥ ಬರೆಸಿ ಕಳಿಸಿದರೆ ಯಾರಾದರೂ ಮ್ಯಾನೇಜರಿಗೇ ಅಂದು ಬರುತ್ತಾರೆ, ಅಲ್ವಾ? ಅದಕ್ಕೆ ಕ್ಲಾಸಿನಲ್ಲಿ ಇಬ್ಬರನ್ನು ನಿಲ್ಲಿಸಿ ಎರಡೂ ಧಾಟಿಯಲ್ಲಿ ಅನ್ನಿಸುತ್ತೇನೆ. ಉಳಿದವರು ಯಾವುದು ಯಾವುದು ಅಂತ ಹೇಳಬೇಕು.

ಸೂಪರ್ ಅನ್ನುವ ಅರ್ಥದ ಝಕಾಸ್ ಅನ್ನು ಈಚೆಗೆ ಕೈಬಿಟ್ಟಿದ್ದೇನೆ. ಅದನ್ನು ಈಗ ನನ್ನ ವಯಸ್ಸಿನವರಷ್ಟೇ ಅನ್ನುತ್ತಾರೆ, ಹುಡುಗರದ್ದು "ಬ್ಯಾರೆ ಲೆವೆಲ್". ಅದಕ್ಕೂ ಲೇ ಹತ್ತುತ್ತದೆ, ರಿ ಹತ್ತುತ್ತದೆ.