ಹುಳುಕು ಹಲ್ಲಿಗೆ ಸಿಮೆಂಟ್: ಒಳಪದರ ಮತ್ತೆ ಗಟ್ಟಿಯಾಗುವುದು ಹೇಗೆ?

ತಣ್ಣೀರು ಕುಡಿದಾಗ ದವಡೆ ಹಲ್ಲು ಜುಂ ಅನ್ನುತ್ತದೆ. ಲವಂಗ ಇಟ್ಟರೆ ಕಡಿಮೆಯಾಗುತ್ತದೆ, ಸುಮ್ನೆ ಬಿಡುತ್ತೇವೆ. ಹೀಗೆ ದಿನ ತಳ್ಳುತ್ತಾ ಹೋದರೆ ಸಿಮೆಂಟ್‌ನಲ್ಲೇ ಉಳಿಯುತ್ತಿದ್ದ ಹಲ್ಲು ರೂಟ್ ಕೆನಾಲ್‌ಗೆ ಬರುತ್ತದೆ. ಜುಂ ಅನ್ನುವ ಹಂತದಲ್ಲೇ ಹೋಗಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ.

ಹಲ್ಲಿನ ಹೊರಕವಚ ಎನಾಮಲ್. ತೂಕದಲ್ಲಿ ಅದರ ಶೇ 96ರಷ್ಟು ಖನಿಜವೇ. ಅದರೊಳಗಿನ ಡೆಂಟಿನ್‌ನಲ್ಲಿ ಖನಿಜ ಶೇ 70ರಷ್ಟು. ಉಳಿದದ್ದು ಕೊಲಾಜೆನ್ ಎಳೆಗಳ ಬಲೆ ಮತ್ತು ನೀರು. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತದೆ. ಆ ಆಮ್ಲಕ್ಕೆ ಕ್ಯಾಲ್ಸಿಯಂ, ಫಾಸ್ಫೇಟ್ ಕರಗುತ್ತವೆ. ಹುಳುಕು ಎಂದರೆ ಇದೇ, ಹುಳ ಯಾವುದೂ ಇಲ್ಲ.

ಹುಳುಕಿನಲ್ಲಿ ಎರಡು ಪದರ ಇರುತ್ತದೆ. ಮೇಲಿನದು ನೆನೆದ ಮಂಡಕ್ಕಿಯಂತೆ ಮೆತ್ತಗೆ. ಅಲ್ಲಿ ಬಲೆಯೇ ಹರಿದುಹೋಗಿದೆ, ಅದನ್ನು ಉಳಿಸಲಾಗದು. ಕೆಳಗಿನದು ಕಂದು ಬಣ್ಣದ್ದು, ಆದರೆ ಬಿಗಿ. ಖನಿಜ ಹೋಗಿದ್ದರೂ ಬಲೆ ಹಾಗೇ ಇದೆ. ಖನಿಜ ಮತ್ತೆ ಬಂದು ಕೂರುವುದು ಈ ಬಲೆಯ ಮೇಲೆಯೇ.

ಮೊದಲು ಕೆರೆಯುವುದು. ಕುಳಿಯ ಅಂಚನ್ನು ಪೂರ್ತಿ ಸ್ವಚ್ಛ ಮಾಡುತ್ತಾರೆ. ತಳದಲ್ಲಿ, ನರದ ಹತ್ತಿರ, ಬಿಗಿಯಾದ ಕಂದು ಪದರವನ್ನು ಬಿಡುತ್ತಾರೆ. 'ಕಪ್ಪು ಇನ್ನೂ ಇದೆಯಲ್ಲ ಡಾಕ್ಟ್ರೇ, ಪೂರ್ತಿ ತೆಗೀರಿ' ಎಂದು ಹಟ ಹಿಡಿಯಬೇಡಿ. ಆಳದ ಹುಳುಕಿನಲ್ಲಿ ಎಲ್ಲವನ್ನೂ ಕೆರೆದರೆ ನರ ಬಯಲಾಗುವ ಅಪಾಯವಿದೆ. 2016ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಮ್ಮತದಿಂದ ಹೇಳಿದ್ದೂ ಇದನ್ನೇ.

ಆಮೇಲೆ ತೊಳೆಯುವುದು. ತೆಳುವಾದ ಪಾಲಿಅಕ್ರಿಲಿಕ್ ಆಮ್ಲವನ್ನು ಕೆಲವೇ ಸೆಕೆಂಡು ಹಚ್ಚಿ ತೊಳೆಯುತ್ತಾರೆ. ಪೂರ್ತಿ ಒಣಗಿಸುವುದಿಲ್ಲ, ತುಸು ತೇವ ಬೇಕು.

ಸಿಮೆಂಟ್ ಕಲಸುವುದು. ಹೆಚ್ಚು ಬಳಕೆಯಲ್ಲಿರುವುದು ಗ್ಲಾಸ್ ಅಯನೋಮರ್. ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ವಿಲ್ಸನ್ ಮತ್ತು ಕೆಂಟ್ 1960ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ಫ್ಲೋರೈಡ್ ಇರುವ ಗಾಜಿನ ಪುಡಿ, ಜೊತೆಗೆ ಆಮ್ಲದ ದ್ರವ. ಕಾಗದದ ಪ್ಯಾಡ್ ಮೇಲೆ ಚಿಕ್ಕ ಕಡ್ಡಿಯಿಂದ ಬೇಗ ಬೇಗ ಕಲಸಿದಾಗ ಮುದ್ದೆ ಮಿರಮಿರ ಹೊಳೆಯುತ್ತದೆ. ಹೊಳಪು ಇರುವಾಗಲೇ ಕುಳಿಗೆ ತುಂಬಬೇಕು. ಮಂಕಾದರೆ ಹಲ್ಲಿನ ಕ್ಯಾಲ್ಸಿಯಂ ಜೊತೆ ಸರಿಯಾಗಿ ಬೆಸೆಯುವುದಿಲ್ಲ. ಕೆಲವು ನಿಮಿಷದಲ್ಲಿ ಬಿಗಿಯುತ್ತದೆ. ಪೂರ್ತಿ ಬಲಿಯಲು ಒಂದು ದಿನವಾದರೂ ಬೇಕು. ಅಲ್ಲಿಯವರೆಗೆ ಚಕ್ಕುಲಿ, ಕಡಲೆ ಬೇಡ.

ಇನ್ನು ಒಳಗೆ ನಡೆಯುವ ಕೆಲಸ. ಸಿಮೆಂಟ್ ಬಿಗಿಯಾಗಿ ಮುಚ್ಚಿದ್ದರಿಂದ ಉಳಿದ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಸಿಗುವುದಿಲ್ಲ, ಆಮ್ಲ ನಿಲ್ಲುತ್ತದೆ. ಸಿಮೆಂಟ್‌ನಿಂದ ಫ್ಲೋರೈಡ್ ಡೆಂಟಿನ್‌ಗೆ ಇಳಿಯುತ್ತದೆ. ನರದ ಕಡೆಯಿಂದ ಸಣ್ಣ ನಾಳಗಳಲ್ಲಿ ಬರುವ ದ್ರವದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಇರುತ್ತವೆ. ಮೂರೂ ಸೇರಿ ಬಲೆಯಲ್ಲಿ ನಿಧಾನವಾಗಿ ಖನಿಜ ಕೂರುತ್ತದೆ. ಅರ್ಧ ಕೆಲಸ ಹಲ್ಲಿನದೇ. ಹಾಗಾಗಿ ನರ ಜೀವಂತವಾಗಿ ಇರಬೇಕು. ರಾತ್ರಿ ತಾನಾಗಿಯೇ ಹಲ್ಲು ಸಿಡಿಯುತ್ತಿದ್ದರೆ ಬರೀ ಸಿಮೆಂಟ್ ಸಾಲದೆ ಹೋಗಬಹುದು.

ಕುಳಿ ತುಂಬಾ ಆಳವಾಗಿದ್ದರೆ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟ್ ಹಾಕುತ್ತಾರೆ. ಎಂಟಿಎ, ಬಯೋಡೆಂಟಿನ್ ಎಂಬ ಹೆಸರು ಕೇಳಿರುತ್ತೀರಿ. 1990ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಎಂಟಿಎಗೆ ಮೂಲ ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟೇ. ಆದರೆ ಶುದ್ಧ ಮಾಡಿದ್ದು. ಇದು ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಿಡುತ್ತದೆ, ಹಲ್ಲಿನೊಳಗಿನ ಜೀವಕೋಶಗಳು ಎಚ್ಚೆತ್ತು ಹೊಸ ಡೆಂಟಿನ್ ಕಟ್ಟುತ್ತವೆ. ಖರ್ಚು ಜಾಸ್ತಿ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ದಂತ ಕಾಲೇಜುಗಳಿವೆ, ಅಲ್ಲಿನ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ವಿಚಾರಿಸಿ ನೋಡಿ.

ನಮ್ಮ ಕಡೆಯವರಿಗೆ ಒಂದು ಅನುಮಾನ ಬರುವುದು ಸಹಜ. ಜಗಳೂರು, ಮೊಳಕಾಲ್ಮುರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಮಕ್ಕಳ ಹಲ್ಲು ಕಂದಾಗಿದ್ದನ್ನು ನೋಡಿದ್ದೇವೆ. ಸಿಮೆಂಟ್‌ನಲ್ಲೂ ಅದೇ ಫ್ಲೋರೈಡ್ ಅಲ್ವಾ? ಹೌದು. ಆದರೆ ಆ ಕಲೆ ಬರುವುದು ಹಲ್ಲು ದವಡೆಯೊಳಗೆ ಬೆಳೆಯುವ ವಯಸ್ಸಿನಲ್ಲಿ, ವರ್ಷಗಟ್ಟಲೆ ಆ ನೀರು ಕುಡಿದಾಗ. ಸಿಮೆಂಟ್ ಬಿಡುವುದು ತೀರಾ ಸ್ವಲ್ಪ, ಅದೂ ಅದೇ ಜಾಗದಲ್ಲಿ. ದೊಡ್ಡವರು ಹೆದರಬೇಕಿಲ್ಲ. ಫ್ಲೋರೈಡ್ ಪೇಸ್ಟ್‌ನಲ್ಲಿ ದಿನಕ್ಕೆ ಎರಡು ಸಲ ಉಜ್ಜಿದರೆ ಸಿಮೆಂಟ್ ಅದನ್ನು ಹೀರಿಕೊಂಡು ಮತ್ತೆ ನಿಧಾನವಾಗಿ ಬಿಡುತ್ತದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ನುಂಗದೆ ಉಗುಳುವುದನ್ನು ಕಲಿಸಿ.