ರ‍್ಯಾಪ್ಟರ್ 700ಆರ್: ಮರಳಿಗೆ ಸಜ್ಜು ಮಾಡಿದ ಬಗೆ

ದುಬೈಯಿಂದ ಹತ್ತಾ ಕಡೆಗೆ ಹೋಗುವ ರಸ್ತೆಯ ಪಕ್ಕ, ಅಲ್ ಬದಾಯರ್ ಸುತ್ತಿನ ಕೆಂಪು ಮರಳು ಹಿಟ್ಟಿನಷ್ಟು ನುಣುಪು. ಅಲ್ಲಿ ಓಡಿಸಲೆಂದು ಯಮಹಾ ರ‍್ಯಾಪ್ಟರ್ 700ಆರ್ ಕ್ವಾಡನ್ನು (ನಾಲ್ಕು ಗಾಲಿಯ ಬೈಕು) ಸಜ್ಜು ಮಾಡಿದಾಗ ನಾನು ಹಿಡಿದ ಕ್ರಮ ಇದು: ಮೊದಲು ಏರ್ ಫಿಲ್ಟರು, ಆಮೇಲೆ ಟೈರು, ಸ್ಪ್ರಾಕೆಟ್ (ಚೈನು ಓಡುವ ಹಲ್ಲುಗಾಲಿ), ಸಸ್ಪೆನ್ಷನ್. ಇಂಜಿನ್ನಿಗೆ ಕೈ ಹಾಕಿದ್ದು ಎಲ್ಲಕ್ಕಿಂತ ಕೊನೆಗೆ. ಹೊಸದಾಗಿ ಕ್ವಾಡ್ ಕೊಂಡವರು ಮೊದಲ ದಿನವೇ ಸೈಲೆನ್ಸರ್ ಬದಲಿಸುತ್ತಾರೆ. ಆದರೆ ಈ ಬಂಡಿಗೆ ಮರಳಲ್ಲಿ ಕಡಿಮೆ ಬೀಳುವುದು ಶಕ್ತಿಯಲ್ಲ.

ನಮ್ಮೂರ ಹೋಂಸ್ಟೇಗಳಲ್ಲಿ ಬಾಡಿಗೆಗೆ ಸಿಗುವ ಗೇರಿಲ್ಲದ ಎಟಿವಿಯೇ ಬೇರೆ, ಇದೇ ಬೇರೆ. ಇದಕ್ಕೆ ಕ್ಲಚ್, ಐದು ಗೇರು, ಒಂದು ರಿವರ್ಸ್ ಇವೆ. ಇಂಜಿನ್ ಒಂದೇ ಸಿಲಿಂಡರಿನದು: 102 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 84 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), ಒಟ್ಟು 686 ಸಿಸಿ, ಫ್ಯುಯೆಲ್ ಇಂಜೆಕ್ಷನ್. ಇಷ್ಟು ದೊಡ್ಡ ಪಿಸ್ಟನ್ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ. ಮರಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ, ಯಾಕೆಂದರೆ ಏರುವಾಗ ಗೇರು ಇಳಿಸಲು ಕ್ಲಚ್ ಹಿಡಿದ ಅರ್ಧ ಸೆಕೆಂಡಿನಲ್ಲೇ ಮರಳು ವೇಗವನ್ನೆಲ್ಲ ನುಂಗಿಬಿಡುತ್ತದೆ. ವೈಎಫ್‌ಜೆಡ್450ಆರ್ (ಯಮಹಾದ್ದೇ ಇನ್ನೊಂದು ಕ್ವಾಡ್) ಹಗುರ, ಚುರುಕು, ರೇಸ್ ಟ್ರ್ಯಾಕಿನಲ್ಲಿ ಇದಕ್ಕಿಂತ ಮೇಲು. ಆದರೆ ಅದನ್ನು ಸದಾ ಮೇಲಿನ ಆರ್‌ಪಿಎಂನಲ್ಲೇ ಇಟ್ಟಿರಬೇಕು. ದಿನವಿಡೀ ದಿಬ್ಬ ಹತ್ತಿ ಇಳಿಯುವವರಿಗೆ ನನ್ನ ಆಯ್ಕೆ 700.

ಫಿಲ್ಟರು

ಕಾರ್ಖಾನೆಯಿಂದ ಬರುವುದು ಎಣ್ಣೆ ಹಚ್ಚುವ ಫೋಮ್ ಫಿಲ್ಟರು. ಅದು ಒಳ್ಳೆಯದೇ, ಆದರೆ ಪ್ರತಿ ಸವಾರಿಗೂ ಬದಲಿಸಬೇಕು. ಮೂರು ಫಿಲ್ಟರು ಇಟ್ಟುಕೊಂಡಿದ್ದೇನೆ: ಒಂದು ಬಂಡಿಯಲ್ಲಿ, ಒಂದು ಎಣ್ಣೆ ಹಚ್ಚಿ ಜಿಪ್ ಚೀಲದಲ್ಲಿ, ಇನ್ನೊಂದು ತೊಳೆದು ಒಣಗುತ್ತಾ. ಪೆಟ್ರೋಲಿನಲ್ಲಿ ತೊಳೆಯಬಾರದು, ಫೋಮ್ ಅಂಟಿಸಿದ ಜೋಡಣೆ ಬಿಟ್ಟುಕೊಳ್ಳುತ್ತದೆ. ಫಿಲ್ಟರ್ ಕ್ಲೀನರ್ ಅಥವಾ ಸೀಮೆಎಣ್ಣೆಯಲ್ಲಿ ಅದ್ದಿ, ಸೋಪಿನ ನೀರಲ್ಲಿ ತೊಳೆದು, ಬಟ್ಟೆಯಂತೆ ಹಿಂಡದೆ ಅಂಗೈಗಳ ನಡುವೆ ಒತ್ತಿ ನೀರು ತೆಗೆಯಬೇಕು. ನೆರಳಲ್ಲಿ ಒಂದು ದಿನ ಒಣಗಲಿ. ಹಚ್ಚುವುದು ಫೋಮ್ ಫಿಲ್ಟರ್ ಎಣ್ಣೆಯನ್ನೇ. ಇಂಜಿನ್ ಆಯಿಲ್ ಹಚ್ಚಿದರೆ ನಿಂತಲ್ಲೇ ಕೆಳಗಿಳಿದು ಮೇಲಿನ ಅರ್ಧ ಒಣಗುತ್ತದೆ, ಆ ಒಣಗಿದ ಭಾಗದಿಂದ ಮರಳು ಸಲೀಸಾಗಿ ಒಳಹೋಗುತ್ತದೆ.

ಹೆಚ್ಚಿನವರು ಮರೆಯುವುದು ಫಿಲ್ಟರಿನ ಅಂಚನ್ನು. ಫೋಮ್ ಏರ್‌ಬಾಕ್ಸಿಗೆ (ಫಿಲ್ಟರ್ ಇರುವ ಪೆಟ್ಟಿಗೆ) ಕೂರುವ ಅಂಚಿನ ಸುತ್ತಲೂ ತೆಳ್ಳಗೆ ಗ್ರೀಸ್ ಸವರಲೇಬೇಕು. ಹಾಕಿದ ಮೇಲೆ ನಂಬಿ ಕೂರಬೇಡಿ: ಸವಾರಿ ಮುಗಿದಾಗ ಫಿಲ್ಟರ್ ತೆಗೆದು, ಇಂಜಿನ್ ಕಡೆಯ ರಬ್ಬರ್ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳಾಡಿಸಿ. ಬಟ್ಟೆ ಕೆಂಪಾದರೆ ಎಲ್ಲೋ ಸಂದಿದೆ ಎಂದರ್ಥ. ಹಾಗೇ ಓಡಿಸುತ್ತಾ ಹೋದರೆ ಪಿಸ್ಟನ್ನಿನ ರಿಂಗು ಸವೆದು, ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಬಿದ್ದು, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಮರುಭೂಮಿಯಲ್ಲಿ ಇಂಜಿನ್ ಬಿಚ್ಚಬೇಕಾಗಿ ಬಂದ ಕಡೆಯೆಲ್ಲ ನಾನು ಮೊದಲು ನೋಡುವುದು ಈ ಕೊಳವೆಯನ್ನೇ.

ಟೈರು ಮತ್ತು ಗಾಳಿ

ಹಿಂದೆ 20 ಇಂಚಿನ, 11 ಇಂಚು ಅಗಲದ ಪ್ಯಾಡಲ್ ಟೈರು (ಮರಳು ತೋಡುವ ಅಡ್ಡ ಪಟ್ಟಿಗಳಿರುವುದು), ಮುಂದೆ ನಡುವೆ ಏಣು ಇರುವ ಮರಳಿನ ಟೈರು. ಮುಂದಿನದಕ್ಕೆ ಏಣು ಇಲ್ಲದಿದ್ದರೆ ಹ್ಯಾಂಡಲ್ ತಿರುಗಿಸಿದರೂ ಬಂಡಿ ನೇರವಾಗಿಯೇ ಜಾರುತ್ತದೆ. ಪ್ಯಾಡಲ್ಲಿಗೆ ದಿಕ್ಕಿದೆ. ಬಗ್ಗಿದ ಪಟ್ಟಿಯ ಹಳ್ಳ ಮರಳನ್ನು ಬೊಗಸೆಯಂತೆ ತೋಡಿ ಹಿಂದಕ್ಕೆ ತಳ್ಳುವ ಹಾಗೆ ಹಾಕಬೇಕು. ಹೊಸ ಟೈರು ಏರಿಸುವಾಗ ಎಡಬಲ ಅದಲು ಬದಲಾಗುವುದು ಸಾಮಾನ್ಯ.

ಹಿಂದಿನ ಟೈರಿಗೆ ನಾನು ಇಡುವುದು 4 ಪಿಎಸ್‌ಐ. ಕಾರಿನ ಗೇಜ್ ಇಲ್ಲಿ ಕೆಲಸಕ್ಕೆ ಬಾರದು, 0ರಿಂದ 10ರ ತನಕ ಮಾತ್ರ ತೋರಿಸುವ ಗೇಜ್ ಬೇಕು. ಇಷ್ಟು ಕಡಿಮೆ ಒತ್ತಡದಲ್ಲಿ ಬಿಸಿಲಿನ ಪ್ರಭಾವ ದೊಡ್ಡದು. ಬೆಳಗ್ಗೆ 15 ಡಿಗ್ರಿಯಲ್ಲಿ 4 ತುಂಬಿದರೆ, ಮಧ್ಯಾಹ್ನ 28 ಡಿಗ್ರಿಗೆ ಅದೇ ಗಾಳಿ 4.8 ಆಗುತ್ತದೆ. ಅಂದರೆ ಐದರಲ್ಲೊಂದು ಪಾಲು ಹೆಚ್ಚು. ಬೆಳಗ್ಗೆ ಹಿಡಿತ ಚೆನ್ನಾಗಿದ್ದು ಮಧ್ಯಾಹ್ನ ಹಿಂಬದಿ ತೇಲುತ್ತಿದೆ ಅನ್ನಿಸಿದರೆ ಶಾಕಪ್ ತಿರುಗಿಸುವ ಮೊದಲು ಗಾಳಿ ಅಳೆಯಿರಿ. ತೀರಾ ಇಳಿಸಿದರೆ, ಬೀಡ್‌ಲಾಕ್ (ಟೈರಿನ ಅಂಚನ್ನು ರಿಮ್ಮಿಗೆ ಬಿಗಿದಿಡುವ ಬಳೆ) ಇಲ್ಲದ ರಿಮ್ಮಿನಲ್ಲಿ, ದಿಬ್ಬಕ್ಕೆ ಅಡ್ಡವಾಗಿ ಹೋಗುವಾಗ ಟೈರು ರಿಮ್ ಬಿಟ್ಟು ಬರುತ್ತದೆ.

ಸ್ಪ್ರಾಕೆಟ್, ಚೈನು, ಆಕ್ಸಲ್

ಪ್ಯಾಡಲ್ ಹಾಕಿದ ಮೇಲೆ ಇಂಜಿನ್ನಿಗೆ ಹೊರೆ ಹೆಚ್ಚುತ್ತದೆ. ಮೂಲದಲ್ಲಿ ಮುಂದೆ 14, ಹಿಂದೆ 38 ಹಲ್ಲು. ಮುಂದಿನದನ್ನು 13ಕ್ಕೆ ಇಳಿಸಿದೆ, ಅನುಪಾತ 2.71ರಿಂದ 2.92 ಆಯಿತು. ಹಿಂದೆ 41 ಹಲ್ಲು ಹಾಕಿದ್ದರೂ ಸರಿಸುಮಾರು ಇಷ್ಟೇ ಬರುತ್ತಿತ್ತು, ಆದರೆ ದೊಡ್ಡ ಸ್ಪ್ರಾಕೆಟ್ ಮರಳಲ್ಲಿ ಹೂತುಹೋಗುವುದು ಬೇಗ. 13ರ ಖರ್ಚು ಬೇರೆ ಕಡೆ ಬೀಳುತ್ತದೆ: ಚೈನು ಚಿಕ್ಕ ಸುತ್ತಿನಲ್ಲಿ ಬಾಗುವುದರಿಂದ ಸ್ವಿಂಗ್‌ಆರ್ಮ್ (ಹಿಂದಿನ ಆಕ್ಸಲ್ ಹಿಡಿದಿರುವ ತೋಳು) ಮೇಲಿನ ಪ್ಲಾಸ್ಟಿಕ್ ಸ್ಲೈಡರನ್ನು ಹೆಚ್ಚು ತಿನ್ನುತ್ತದೆ. ಸ್ಲೈಡರ್ ತೂತಾದರೆ ಮುಂದೆ ಸವೆಯುವುದು ಅಲ್ಯುಮಿನಿಯಂ ಆರ್ಮು. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡುವುದು ರೂಢಿಯಾಗಲಿ.

ಚೈನಿಗೆ ಅಂಟು ಲೂಬ್ ಹಾಕಬೇಡಿ. ಅಂಟಿಗೆ ಮರಳು ಸೇರಿದರೆ ಅರೆಯುವ ಪೇಸ್ಟ್ ಆಗುತ್ತದೆ. ಓ-ರಿಂಗ್ (ರಬ್ಬರ್ ಸೀಲು ಇರುವ) ಚೈನಿನ ಒಳಗೆ ಗ್ರೀಸ್ ಇದ್ದೇ ಇದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಣ ಮೇಣದ ಲೂಬ್ ತೆಳ್ಳಗೆ ಹೊಡೆದರೆ ಸಾಕು. ಬಿಗಿ ನೋಡುವುದು ಬಂಡಿ ಸುಮ್ಮನೆ ನಿಂತಾಗ ಅಲ್ಲ. ಒಬ್ಬರು ಸೀಟಿನ ಮೇಲೆ ಭಾರ ಹಾಕಿ ಹಿಂಬದಿಯನ್ನು ಒತ್ತಿ, ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮಿನ ಪಿವಟ್ (ಅದು ತಿರುಗುವ ಕೀಲು), ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿಯಾಗಿರುತ್ತದೆ. ಆಗಲೂ ಸ್ವಲ್ಪ ಸಡಿಲ ಉಳಿದಿರಬೇಕು. ಇಲ್ಲದಿದ್ದರೆ ಮೊದಲ ದೊಡ್ಡ ನೆಗೆತದಲ್ಲೇ ಮುಂದಿನ ಸ್ಪ್ರಾಕೆಟ್ ಕೂರುವ ಔಟ್‌ಪುಟ್ ಶಾಫ್ಟಿನ ಬೇರಿಂಗಿಗೆ ಪೆಟ್ಟು.

ಇಂಥ ಕ್ವಾಡಿನಲ್ಲಿ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ. ಹಿಂದಿನ ಎರಡೂ ಗಾಲಿಗಳು ಒಂದೇ ಆಕ್ಸಲ್ ಮೇಲೆ ಸಮವಾಗಿ ತಿರುಗುತ್ತವೆ, ತಿರುವಿನಲ್ಲಿ ಒಂದು ಜಾರಲೇಬೇಕು. ಆ ಎಳೆದಾಟವೆಲ್ಲ ಬೀಳುವುದು ಆಕ್ಸಲ್ ನಟ್ಟುಗಳ ಮೇಲೆ, ಅವು ಸಡಿಲವಾಗುವುದು ಈ ಬಂಡಿಯ ಹಳೆಯ ರೋಗ. ಬಿಚ್ಚಿ, ಎಣ್ಣೆ ಪಸೆ ತೆಗೆದು, ಥ್ರೆಡ್ ಲಾಕರ್ (ನಟ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ, ಟಾರ್ಕ್ ರೆಂಚಿನಲ್ಲಿ ಮ್ಯಾನುಯಲ್ ಹೇಳಿದಷ್ಟು ಬಿಗಿದು, ನಟ್ಟಿನಿಂದ ಆಕ್ಸಲ್ಲಿಗೆ ಪೇಂಟಿನ ಗೆರೆ ಎಳೆದಿದ್ದೇನೆ. ಗೆರೆ ಮುರಿದಿದ್ದರೆ ಸಡಿಲಾಗಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಸಸ್ಪೆನ್ಷನ್

ಚಕ್ರ ಮೇಲೆ ಕೆಳಗೆ ಆಡುವ ದೂರ ಮುಂದೆ ಸುಮಾರು 230 ಮಿ.ಮೀ., ಹಿಂದೆ 256 ಮಿ.ಮೀ. ಸವಾರ ಹೆಲ್ಮೆಟ್, ಬೂಟು, ನೀರಿನ ಚೀಲ ಸಮೇತ ಕೂತಾಗ ಇದರ ಮೂರರಲ್ಲೊಂದು ಪಾಲು ಕುಸಿಯಬೇಕು: ಮುಂದೆ 75 ಮಿ.ಮೀ. ಆಸುಪಾಸು, ಹಿಂದೆ 85. ಬಂಡಿಯನ್ನು ಎತ್ತಿ ಚಕ್ರ ತೂಗಾಡುವಾಗ ಆಕ್ಸಲ್ಲಿನಿಂದ ಮೇಲೆ ಒಂದು ಗುರುತಿಗೆ ಅಳತೆ ತೆಗೆದು, ಇಳಿಸಿ, ಸವಾರ ಕೂತ ಮೇಲೆ ಅದೇ ಗುರುತಿಗೆ ಮತ್ತೆ ಅಳೆದರೆ ಸಿಗುವ ವ್ಯತ್ಯಾಸವೇ ಲೆಕ್ಕ. ಕುಸಿತ ಹೆಚ್ಚಿದ್ದರೆ ಸ್ಪ್ರಿಂಗಿನ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರಮಾಣ) ಬಿಗಿ ಮಾಡಬೇಕು. ತುಂಬಾ ಬಿಗಿದರೂ ಅಳತೆ ಬಾರದಿದ್ದರೆ ಆ ಸವಾರನ ತೂಕಕ್ಕೆ ಸ್ಪ್ರಿಂಗೇ ಮೆದು. ಬದಲಿಸದೆ ಬೇರೆ ದಾರಿಯಿಲ್ಲ.

ಆಮೇಲೆ ಶಾಕಪ್ಪಿನ ಸ್ಕ್ರೂಗಳನ್ನು ತಿರುಗಿಸುವ ಕ್ಲಿಕ್ಕುಗಳು. ಒಂದರ ಹಿಂದೊಂದು ಸಣ್ಣ ಉಬ್ಬುಗಳ ಸಾಲಿನಲ್ಲಿ ಹೋಗುವಾಗ ಬಂಡಿ ಬರಬರುತ್ತಾ ತಗ್ಗಾಗಿ ಕಲ್ಲಿನಂತೆ ಆಗುತ್ತಿದ್ದರೆ ರಿಬೌಂಡ್ ನಿಧಾನವಾಗಿದೆ, ಶಾಕಪ್ಪಿಗೆ ಮೇಲೆದ್ದು ಬರಲು ಸಮಯ ಸಿಗುತ್ತಿಲ್ಲ. ಹಿಂಬದಿ ಎತ್ತಿ ಒಗೆದರೆ ರಿಬೌಂಡ್ ಅತಿ ವೇಗ. ಎರಡೆರಡು ಕ್ಲಿಕ್ ಮಾತ್ರ, ಒಂದು ಸಲಕ್ಕೆ ಒಂದೇ ಸ್ಕ್ರೂ, ಪ್ರತಿಸಲ ಅದೇ ದಾರಿಯಲ್ಲಿ ಓಡಿಸಿ ನೋಡಿ ಬರೆದಿಟ್ಟುಕೊಳ್ಳಿ. ಎರಡು ಸ್ಕ್ರೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ಗೊತ್ತಾಗದು.

ಇನ್ನು ಅಗಲ. ಮೂಲದ ಬಂಡಿ ಸುಮಾರು 46 ಇಂಚು. ಎರಡೂ ಬದಿಗೆ ಎರಡೆರಡು ಇಂಚು ಹೆಚ್ಚು ಉದ್ದದ ಎ-ಆರ್ಮ್ (ಮುಂದಿನ ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಹಾಕಿದರೆ ಮುಂಭಾಗ 50 ಆಗುತ್ತದೆ, ಇಳಿಜಾರಿಗೆ ಅಡ್ಡ ಹೋಗುವಾಗ ಮಗುಚುವ ಭಯ ಎದ್ದುಕಾಣುವಷ್ಟು ಇಳಿಯುತ್ತದೆ. ಆದರೆ ಉದ್ದದ ಆರ್ಮು ಸನ್ನೆಗೋಲಿನಂತೆ ಶಾಕಪ್ಪನ್ನು ಹೆಚ್ಚು ಒತ್ತುವುದರಿಂದ ಮೇಲಿನ ಕುಸಿತದ ಲೆಕ್ಕವನ್ನು ಮೊದಲಿನಿಂದ ಮಾಡಬೇಕು. ಬ್ರೇಕ್ ಹೋಸು, ಟೈ ರಾಡೂ (ಹ್ಯಾಂಡಲಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳು) ಉದ್ದದ್ದೇ ಬೇಕು.

ಇಂಜಿನ್

ಏರ್‌ಬಾಕ್ಸಿನ ಮುಚ್ಚಳ ತೆಗೆದು ಸೈಲೆನ್ಸರ್ ಬದಲಿಸಿದರೆ ಗಾಳಿ ಹೆಚ್ಚು ಬರುತ್ತದೆ, ಪೆಟ್ರೋಲ್ ಹಳೆಯಷ್ಟೇ. ಥ್ರಾಟಲ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿತ, ಹೆಡರ್ ಪೈಪ್ (ಇಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆ) ಕೆಂಪಗೆ ಕಾಯುವುದು, ಇವೇ ಪೆಟ್ರೋಲ್ ಸಾಲದ ಲಕ್ಷಣ. ಫ್ಯುಯೆಲ್ ಕಂಟ್ರೋಲರ್ (ಪೆಟ್ರೋಲಿನ ಪ್ರಮಾಣ ಬದಲಿಸುವ ಸಾಧನ) ಹಾಕಿ, ಹೊಗೆಯಿಂದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ನೋಡುತ್ತಾ, ಪೂರ್ತಿ ಥ್ರಾಟಲ್ಲಿನಲ್ಲಿ ಗಾಳಿ–ಪೆಟ್ರೋಲ್ ಅನುಪಾತವನ್ನು 12.8ರಿಂದ 13.2ರೊಳಗೆ ತಂದೆ. ಕಂಟ್ರೋಲರಿಗೆ ದುಡ್ಡಿಲ್ಲದಿದ್ದರೆ ಮುಚ್ಚಳ ತೆಗೆಯಬೇಡಿ. ದುಬೈಯಲ್ಲಿ ಸಿಗುವ 98 ಆಕ್ಟೇನಿನ ಪೆಟ್ರೋಲಿನಿಂದ ಮೂಲ ಇಂಜಿನ್ನಿಗೆ ಶಕ್ತಿ ಹೆಚ್ಚುವುದಿಲ್ಲ. 2015ರಿಂದ ಕಂಪ್ರೆಶನ್ ಅನುಪಾತ 9.2ರಿಂದ 10ಕ್ಕೆ ಏರಿದೆ, ಅದಕ್ಕೂ 95 ಸಾಕು.

ರೇಡಿಯೇಟರಿನ ರೆಕ್ಕೆಗಳ ಮರಳನ್ನು ಹಿಂದಿನಿಂದ ಮುಂದಕ್ಕೆ ಸಣ್ಣ ಧಾರೆಯ ನೀರಿನಲ್ಲಿ ತೆಗೆಯಬೇಕು, ಪ್ರೆಶರ್ ವಾಷರ್ ರೆಕ್ಕೆಗಳನ್ನು ಮಡಚಿಹಾಕುತ್ತದೆ. ಹೊರಡುವ ಮೊದಲು ನಿಂತಲ್ಲೇ ಇಂಜಿನ್ ಬಿಸಿ ಮಾಡಿ ಫ್ಯಾನ್ ತಿರುಗುವುದನ್ನು ಕಣ್ಣಾರೆ ನೋಡಿ.

ವಾಲ್ವ್ ಸಂದು ಇಂಜಿನ್ ತಣ್ಣಗಿರುವಾಗ ಇಂಟೇಕ್ 0.09ರಿಂದ 0.13 ಮಿ.ಮೀ., ಎಕ್ಸಾಸ್ಟ್ 0.16ರಿಂದ 0.20. ಸ್ಕ್ರೂ ಮತ್ತು ಲಾಕ್‌ನಟ್ ವ್ಯವಸ್ಥೆ, ಮನೆಯಲ್ಲೇ ಆಗುವ ಕೆಲಸ. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ಸ್ವಲ್ಪ ತಿರುಗುವುದರಿಂದ, ಬಿಗಿದ ಮೇಲೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇನ್ನೊಮ್ಮೆ ತೂರಿಸಿ ನೋಡಿಯೇ ಕವರ್ ಮುಚ್ಚುತ್ತೇನೆ.